ಅತ್ತೆಯ ಶುಗರ್ ಮಷಿನ್, ಜೂಲಿಯ ಕಿವಿ: ಎರಡೂವರೆ ವರ್ಷದ ಬಳಕೆ

ಮೊದಲೇ ಹೇಳಿಬಿಡುತ್ತೇನೆ, ಇದು ನಾಯಿಗೆಂದು ಮಾಡಿದ ಮಷಿನ್ ಅಲ್ಲ. ಬೆರಳು ಚುಚ್ಚಿಕೊಂಡು ಶುಗರ್ ನೋಡಿಕೊಳ್ಳುವ ಮಾಮೂಲಿ ಗ್ಲುಕೋಮೀಟರ್. ಅತ್ತೆಗೆಂದು ಚಿಕ್ಕಮಗಳೂರಿನಲ್ಲಿ ತಂದಿದ್ದು. ಆದರೆ ಎರಡೂವರೆ ವರ್ಷದಿಂದ ಅತ್ತೆಗಿಂತ ಜಾಸ್ತಿ ನಮ್ಮ ನಾಯಿ ಜೂಲಿಗೇ ಬಳಕೆಯಾಗಿದೆ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು" ಎಂದು ಮನೆಯವರು ನಕ್ಕರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ.

ನಮ್ಮದು ಆಲ್ದೂರು ಹತ್ತಿರದ ತೋಟದ ಮನೆ. ಜೂಲಿ ಲ್ಯಾಬ್ ಮಿಶ್ರತಳಿ, ಈಗ ಹತ್ತು ವರ್ಷ, 22 ಕೆ.ಜಿ. ಒಮ್ಮೆ ಬೆದೆ ಮುಗಿದು ಒಂದೂವರೆ ತಿಂಗಳಾಗಿರಬೇಕು, ನೀರು ಕುಡಿಯಲು ಶುರು ಮಾಡಿದಳು. ಬೋಗುಣಿ ತುಂಬಿಸಿ ಬೆನ್ನು ತಿರುಗಿಸುವಷ್ಟರಲ್ಲಿ ಖಾಲಿ. ರಾತ್ರಿ ಜಗಲಿಯಲ್ಲೇ ಉಚ್ಚೆ. ಊಟಕ್ಕೇನೂ ಕಮ್ಮಿ ಇಲ್ಲ, ಆದರೂ ಬೆನ್ನಿನ ಮೂಳೆ ಎದ್ದು ಕಾಣುತ್ತಿತ್ತು. ಕಾಯಿಲೆ ಕಂಡುಹಿಡಿದದ್ದು ಅತ್ತೆ. "ನಂಗೂ ಹಿಂಗೇ ಆಗಿತ್ತು ಕಣೇ, ಇದಕ್ಕೆ ಸಕ್ಕರೆ ಕಾಯಿಲೆ" ಎಂದರು. ಡಾಕ್ಟರ್ ಹತ್ತಿರ ಹೋದಾಗ 400ರ ಮೇಲಿತ್ತು. ನಾಯಿಗೆ ಊಟಕ್ಕೆ ಮುಂಚೆ 80ರಿಂದ 120 ಇರಬೇಕಂತೆ. ನಾಯಿಗಳಿಗೆ ಬರುವ ಶುಗರ್‌ಗೆ ಮಾತ್ರೆ ಸಾಲದು, ಇನ್ಸುಲಿನ್ ಬೇಕೇ ಬೇಕು, ಹನ್ನೆರಡು ಗಂಟೆಗೊಮ್ಮೆ. ಗರ್ಭಕೋಶ ತೆಗೆಸದಿದ್ದರೆ ಪ್ರತಿ ಬೆದೆಯ ನಂತರವೂ ಇನ್ಸುಲಿನ್ ಕೆಲಸ ಮಾಡದೆ ಶುಗರ್ ಏರುತ್ತದೆ ಎಂದರು. ಬೇಲೂರು ದಾರಿ ಹಿಡಿದು ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು. ಆಮೇಲೆ ಡೋಸ್ 9 ಯುನಿಟ್‌ನಿಂದ 6ಕ್ಕೆ ಇಳಿಯಿತು.

ಇನ್ನು ಮಷಿನ್ ವಿಷಯ. ನಾಯಿಗೆ ಬೆರಳೆಲ್ಲಿ ಚುಚ್ಚುವುದು? ಕಿವಿಗೆ. ಮೊದಲ ವಾರ ನನ್ನ ಕೈ ನಡುಗಿ ಏಳು ಸ್ಟ್ರಿಪ್ ದಂಡವಾದವು. ಈಗಿನ ಕ್ರಮ ಹೀಗೆ. ಬಟ್ಟೆಯನ್ನು ಬಿಸಿನೀರಿಗೆ ಅದ್ದಿ, ಹಿಂಡಿ, ಕಿವಿಗೆ ಅರ್ಧ ನಿಮಿಷ ಒತ್ತಿ ಹಿಡಿಯುತ್ತೇನೆ. ಬೆಚ್ಚಗಾದರೆ ರಕ್ತ ಬೇಗ ಬರುತ್ತದೆ. ಒರೆಸಿ ಪೂರ್ತಿ ಒಣಗಿಸಬೇಕು, ನೀರು ಸೇರಿದರೆ ಲೆಕ್ಕ ತಪ್ಪುತ್ತದೆ. ಕಿವಿ ಮಡಿಸಿ, ಒಳಮೈಯ ಅಂಚಿನಲ್ಲಿ, ದೊಡ್ಡ ರಕ್ತನಾಳ ಬಿಟ್ಟು ಟಕ್ ಎಂದು ಒಂದು ಚುಚ್ಚು. ಸಾಸಿವೆ ಕಾಳಿನಷ್ಟು ರಕ್ತ ಮೇಲೆ ಬಂದರೆ ಸಾಕು, ಸ್ಟ್ರಿಪ್ಪಿನ ತುದಿ ತಾಗಿಸಿದ ಕೂಡಲೇ ಅದೇ ಹೀರಿಕೊಳ್ಳುತ್ತದೆ. ಐದು ಸೆಕೆಂಡ್. ಆಮೇಲೆ ಹತ್ತಿ ಒತ್ತಿ, ಒಂದು ಚೂರು ಬೇಯಿಸಿದ ಕೋಳಿ. ಈಗಂತೂ ಮಷಿನ್ನಿನ ಜಿಪ್ ತೆರೆದ ಸದ್ದಾದರೆ ಸಾಕು, ಜೂಲಿ ತಾನೇ ಬಂದು ತಲೆ ಕೊಡುತ್ತಾಳೆ. ಕೋಳಿಗೆ, ನನ್ನ ಮೇಲಿನ ಪ್ರೀತಿಗಲ್ಲ.

ನಂಬರ್ ಎಷ್ಟು ಸರಿ? ಕಾಲೇಜಿನಲ್ಲಿ ಒಂದೇ ಹೊತ್ತಿಗೆ ಎರಡೂ ಕಡೆ ನೋಡಿದಾಗ ಲ್ಯಾಬ್‌ನಲ್ಲಿ 251, ನಮ್ಮ ಮಷಿನ್‌ನಲ್ಲಿ 212. ಮನುಷ್ಯರ ರಕ್ತದಲ್ಲಿ ಸಕ್ಕರೆ ಪ್ಲಾಸ್ಮಾದಲ್ಲೂ (ರಕ್ತದ ನೀರಿನಂಥ ಭಾಗ) ಕೆಂಪು ಕಣದಲ್ಲೂ ಹಂಚಿಕೊಂಡಿರುತ್ತದೆ. ನಾಯಿಯಲ್ಲಿ ಹೆಚ್ಚಿನ ಪಾಲು ಪ್ಲಾಸ್ಮಾದಲ್ಲೇ. ಮಷಿನ್ ಲೆಕ್ಕ ಹಾಕುವುದು ಮನುಷ್ಯರ ಹಂಚಿಕೆಯಂತೆ, ಅದಕ್ಕೇ ಮನುಷ್ಯರ ಮಷಿನ್ ನಾಯಿಗೆ ಸಾಮಾನ್ಯವಾಗಿ ಕಮ್ಮಿ ತೋರಿಸುತ್ತದೆ. ನಾಯಿ-ಬೆಕ್ಕುಗಳಿಗೆಂದೇ ಮಾಡಿದ ಆಲ್ಫಾಟ್ರ್ಯಾಕ್ ಎಂಬ ಮಷಿನ್ ಇದೆ, ಆದರೆ ಅದರ ಸ್ಟ್ರಿಪ್‌ಗೆ ನಾನೆಲ್ಲಿ ಹೋಗಲಿ? ಆಲ್ದೂರಲ್ಲಿ ಸಿಗುವುದು ಅತ್ತೆಯ ಸ್ಟ್ರಿಪ್ಪೇ. ಒಂದೇ ಮಷಿನ್ನಿಗೆ ಅಂಟಿಕೊಂಡರೆ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆಗೊಮ್ಮೆ ಸಂಜೆವರೆಗೂ ನೋಡಿ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಬೆಳಿಗ್ಗೆ ಏಳಕ್ಕೆ 290, ಮಧ್ಯಾಹ್ನ ಒಂದಕ್ಕೆ 118, ಸಂಜೆ ಏಳಕ್ಕೆ 262, ಹೀಗೆ. ಪುಟದ ಫೋಟೋ ಡಾಕ್ಟರಿಗೆ ವಾಟ್ಸಾಪ್ ಮಾಡಿದರೆ ಡೋಸ್ ಅವರು ಹೇಳುತ್ತಾರೆ. ಒಂದು ದಿನದ ನಂಬರ್ ನೋಡಿ ನಾನಾಗಿ ಯಾವತ್ತೂ ಬದಲಾಯಿಸಿಲ್ಲ.

ದೊಡ್ಡ ತಲೆನೋವು ಮಳೆಗಾಲ. ಜುಲೈನಲ್ಲಿ ನಮ್ಮ ಕಡೆ ಉಪ್ಪಿನ ಡಬ್ಬಿಯಲ್ಲೂ ನೀರು ನಿಲ್ಲುತ್ತದೆ, ಸ್ಟ್ರಿಪ್ ಯಾವ ಲೆಕ್ಕ. ಒಮ್ಮೆ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಮರುದಿನ ಮಷಿನ್ 'ಲೋ' ಎಂದಿತು, ಅಂದರೆ ಶುಗರ್ ತೀರಾ ಕಮ್ಮಿ. ಇತ್ತ ಜೂಲಿ ಅಂಗಳದಲ್ಲಿ ಕೋಳಿ ಅಟ್ಟಿಸುತ್ತಿದ್ದಳು! ಹೊಸ ಡಬ್ಬಿ ಒಡೆದು ನೋಡಿದರೆ 240. ಐವತ್ತರ ಡಬ್ಬಿಗೆ ನನಗೆ ಸುಮಾರು 800 ರೂಪಾಯಿ ಬೀಳುತ್ತದೆ, ಅರ್ಧ ಡಬ್ಬಿ ಹೊಳೆಗೆ ಹಾಕಿದಂತೆ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ "ನಾಯಿಗಾ ಮೇಡಂ?" ಎಂದು ಇಟ್ಟೇಬಿಟ್ಟರು. ಈಗ ಇಪ್ಪತ್ತೈದರ ಡಬ್ಬಿ ತರುತ್ತೇನೆ, ಮುಚ್ಚಳ ಟಿಕ್ ಎನ್ನುವ ತನಕ ಒತ್ತುತ್ತೇನೆ.

ಕರೆಂಟ್ ಹೋಗಿ ಎರಡು ದಿನವಾದರೆ ಇನ್ಸುಲಿನ್ ಬಾಟ್ಲನ್ನು ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ನೀರಿನ ಮಣ್ಣಿನ ಮಡಕೆಯಲ್ಲಿ ಇಳಿಬಿಡುತ್ತೇವೆ. ಫ್ರೀಜರಿಗೆ ಮಾತ್ರ ಹಾಕಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಈ ಮಷಿನ್ ದುಡ್ಡು ವಸೂಲಿ ಮಾಡಿದ್ದು ಎರಡು ಸಲ. ಮೊದಲನೆಯದು ಸಿರಿಂಜ್ ಪ್ರಸಂಗ. ನಮ್ಮ ಇನ್ಸುಲಿನ್ ಮಿ.ಲೀ.ಗೆ 40 ಯುನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಮೆಡಿಕಲ್ಸ್‌ನವರು ಒಮ್ಮೆ ಕಿತ್ತಳೆ ಮುಚ್ಚಳದ್ದು ಕೊಟ್ಟರು, ಅದು 100 ಯುನಿಟ್‌ನ ಬಾಟ್ಲಿಗೆ. ನಾನೂ ನೋಡಲಿಲ್ಲ. ಅದರಲ್ಲಿ 6ರ ಗೆರೆಗೆ ಎಳೆದರೆ ಒಳಹೋಗುವುದು ಬರೀ 2.4 ಯುನಿಟ್. ಮೂರು ದಿನಕ್ಕೆ 380, 410, ಮತ್ತೆ 430. ಬೋಗುಣಿಯೂ ಖಾಲಿಯಾಗತೊಡಗಿತು. ಮುಚ್ಚಳದ ಬಣ್ಣ ನೋಡಿದ್ದು ಅತ್ತೆ. ಇದೇ ತಿರುಗುಮುರುಗಾಗಿದ್ದರೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗಿ ಜೂಲಿ ಉಳಿಯುತ್ತಿರಲಿಲ್ಲವೇನೋ.

ಎರಡನೆಯದು ನನ್ನದೇ ತಪ್ಪು. ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ಊಟಕ್ಕೆ ಮುಂಚೆ ಇಂಜೆಕ್ಷನ್ ಕೊಟ್ಟೆ. ಅವಳು ತಿಂದದ್ದನ್ನೆಲ್ಲ ಕಕ್ಕಿದಳು. ಎರಡು ಗಂಟೆ ಬಿಟ್ಟು ನೋಡಿದರೆ ಹಿಂಗಾಲು ತೂರಾಡುತ್ತಿವೆ, ಕರೆದರೆ ಗುರುತಿಲ್ಲ. ಮಷಿನ್ 48 ತೋರಿಸಿತು. ಜೇನುತುಪ್ಪ ಬೆರಳಿಗೆ ತೆಗೆದುಕೊಂಡು ಒಸಡಿಗೆ ಸವರಿದೆ, ಸವರುತ್ತಲೇ ಇದ್ದೆ. ಹತ್ತು ನಿಮಿಷಕ್ಕೆ ನನ್ನ ಬೆರಳು ನೆಕ್ಕಿದಳು. ಡಾಕ್ಟರಿಗೆ ಫೋನ್, ಮದುವೆ ಕ್ಯಾನ್ಸಲ್. ಈಗ ಮೊದಲು ಊಟ, ತಟ್ಟೆ ಖಾಲಿಯಾದ ಮೇಲೆಯೇ ಸೂಜಿ.

ಮಷಿನ್ನಿಂದ ಆಗದ ಕೆಲಸವೂ ಇದೆ. ಒಂದು ವರ್ಷದೊಳಗೆ ಎರಡೂ ಕಣ್ಣಿಗೆ ಪೊರೆ ಬಂತು. ಶುಗರ್ ಇರುವ ನಾಯಿಗಳಲ್ಲಿ ಇದು ತುಂಬಾ ಮಾಮೂಲು. ಈಗ ಮೂಸಿಕೊಂಡೇ ಅಂಗಳ ಸುತ್ತುತ್ತಾಳೆ, ಹಾಗಾಗಿ ಕುರ್ಚಿ ಜಾಗ ಬದಲಾಯಿಸುವುದಿಲ್ಲ. ತೋಟದ ಕೆಲಸದವರು ಪ್ರೀತಿಯಿಂದ ಹಾಕುವ ಗ್ಲುಕೋಸ್ ಬಿಸ್ಕತ್ತನ್ನು ಯಾವ ಮಷಿನ್ ತಡೆಯುತ್ತದೆ ಹೇಳಿ. ಹೆಸರಲ್ಲೇ ಗ್ಲುಕೋಸ್ ಇದೆಯಲ್ರೀ ಎಂದು ಎಷ್ಟು ಸಲ ಹೇಳಿದ್ದೇನೋ.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಒಂದು ಕಳೆದದ್ದು ಮಳೆಗಾಲಕ್ಕೆ, ಅರ್ಧ ಸಹಾಯವಾಣಿಗೆ. ಇವತ್ತು ಬೆಳಿಗ್ಗೆ ಜೂಲಿಗೆ 168, ಅತ್ತೆಗೆ 181. ಬೋಗುಣಿಯಲ್ಲಿ ರಾತ್ರಿ ಇಟ್ಟ ನೀರು ಅರ್ಧ ಹಾಗೇ ಇತ್ತು.