ಜಪಾನಿನ ‘ಮರದಚ್ಚಿನ ಚಿತ್ರ’ ಕೊಳ್ಳುವ ಮುಂಚೆ ಹಿಂಬದಿಯ ಫೋಟೋ ಕೇಳಿ

ಟೋಕಿಯೋದಲ್ಲಿ ಮನೆ ಬದಲಿಸಿ ಖಾಲಿ ಗೋಡೆ ನೋಡುತ್ತಾ ಕೂತಿರುವವರು, ಊರಿಗೆ ಹೋಗುವಾಗ ಹಳೆಗಾಲದ ಚಿತ್ರಕಾರರಾದ ಹೊಕುಸಾಯಿಯ ಅಲೆನೋ ಹಿರೋಶಿಗೆಯ ಮಳೆನೋ ಕೊಂಡುಹೋಗೋಣ ಅಂದುಕೊಂಡಿರುವವರು ದಯವಿಟ್ಟು ಇದನ್ನು ಓದಿ. ಆನ್‌ಲೈನಿನಲ್ಲಿ ಮಾರುವ ಒಬ್ಬರು ಮೂರು ಚಿತ್ರಕ್ಕೆ 48,000 ಯೆನ್ ಕಿತ್ತುಕೊಂಡು ನಮಗೆ ನೀಟಾಗಿ ಟೋಪಿ ಹಾಕಿದ್ದಾರೆ. ಹೆಸರು ಹಾಕೋದಿಲ್ಲ. ಹಾಕಿದರೂ ಉಪಯೋಗ ಇಲ್ಲ, ಇಂಥವರು ಹೆಸರು ಬದಲಿಸುತ್ತಲೇ ಇರುತ್ತಾರೆ.

ನಾವಿರೋದು ಟೋಕಿಯೋದ ನಿಶಿ ಕಸಾಯ್‌ನಲ್ಲಿ. ಹಿರೋಶಿಗೆ 1856ರಿಂದ 1858ರವರೆಗೆ ಮಾಡಿದ ‘ಎಡೋದ ನೂರು ನೋಟಗಳು’ (ಎಡೋ ಅಂದರೆ ಆಗಿನ ಟೋಕಿಯೋ) ಸರಣಿಯಲ್ಲಿ ಒಂದು ಚಿತ್ರ ಇದೆ: ಹಿಮ ಬಿದ್ದ ಜೌಗು ನೆಲ, ಮೇಲೆ ರೆಕ್ಕೆ ಬಿಚ್ಚಿದ ದೊಡ್ಡ ಹದ್ದು. ಅದು ಫುಕಗಾವಾದ ಸುಸಾಕಿ, ಅಂದರೆ ನಾವು ದಿನಾ ತೋಜಾಯ್ ಮೆಟ್ರೋ ಲೈನಿನಲ್ಲಿ ತೂಕಡಿಸುತ್ತಾ ದಾಟುವ ಕಿಬಾ, ತೋಯೋಚೋ ಕಡೆಯ ಜಾಗ. ಆಗ ಅದು ಸಮುದ್ರದ ಅಂಚು. ಹಾಗಾಗಿ ಆ ಹದ್ದು ಮನೆಯಲ್ಲಿ ಇರಲೇಬೇಕು ಅಂತ ಆಸೆ. ಜೊತೆಗೆ ಅದೇ ಸರಣಿಯ ಓಹಾಶಿ ಸೇತುವೆಯ ಮಳೆ, ಮತ್ತೆ ಎಲ್ಲರಿಗೂ ಗೊತ್ತಿರುವ ಹೊಕುಸಾಯಿಯ ದೊಡ್ಡ ಅಲೆ.

ಮೂಲ ಚಿತ್ರ ನಮ್ಮಂಥವರ ಕೈಗೆ ಎಟುಕೋದಿಲ್ಲ, ಸರಿ. ಆದರೆ ಟೋಕಿಯೋ, ಕ್ಯೋಟೋಗಳಲ್ಲಿ ಇವತ್ತಿಗೂ ಹಳೆಯ ಚಿತ್ರ ನೋಡಿಕೊಂಡು ಚೆರ್ರಿ ಮರದ ಹಲಗೆಯನ್ನು ಹೊಸದಾಗಿ ಕೆತ್ತಿ, ಒಂದೊಂದು ಬಣ್ಣಕ್ಕೂ ಬೇರೆ ಬೇರೆಯಾಗಿ ಹಲಗೆಯ ಮೇಲೆ ಕಾಗದ ಇಟ್ಟು, ಬಾರೆನ್ ಅನ್ನುವ ದುಂಡನೆಯ ಉಜ್ಜುಬಿಲ್ಲೆಯಿಂದ ಕೈಯಲ್ಲೇ ಒತ್ತಿ ಅಚ್ಚು ಹಾಕುವ ಕುಶಲಕರ್ಮಿಗಳಿದ್ದಾರೆ. ಇದಕ್ಕೆ ಇಲ್ಲಿ ಫುಕ್ಕೊಕು ಅಂತಾರೆ. ಪುನರ್‌ಮುದ್ರಣವೇ ಆದರೂ ಕೆಲಸ ಅಸಲಿ. ನಾವು ದುಡ್ಡು ಕೊಟ್ಟಿದ್ದು ಇದಕ್ಕೆ. ಆ ಮಾರಾಟದ ಪುಟದಲ್ಲಿ ‘ಕೈಯಿಂದ ಹಾಕಿದ ಮರದಚ್ಚು’ ಅಂತ ದಪ್ಪಕ್ಷರದಲ್ಲೇ ಇತ್ತು, ಕೆಳಗೆ ಹಲಗೆ ಕೆತ್ತುತ್ತಿರುವ ಮುದುಕರೊಬ್ಬರ ಫೋಟೋ ಬೇರೆ.

ಬಂದಿದ್ದು ಇಂಕ್‌ಜೆಟ್ ಪ್ರಿಂಟು. ಚೌಕಟ್ಟು, ಗಾಜು, ಕೆಂಪು ಮುದ್ರೆ ಒತ್ತಿದ ಪ್ರಮಾಣಪತ್ರ ಎಲ್ಲಾ ಭರ್ಜರಿಯಾಗಿತ್ತು. ಪ್ರಮಾಣಪತ್ರದಲ್ಲಿ ‘300ರಲ್ಲಿ 27ನೆಯದು’ ಅಂತ ನಂಬರು. ಇದನ್ನು ನೋಡಿದರೇ ನಗು ಬರುತ್ತೆ. ಹೊಕುಸಾಯಿ, ಹಿರೋಶಿಗೆ ಕಾಲದ ಅಚ್ಚುಗಳಿಗೆ ನಂಬರು ಹಾಕುವ ಪದ್ಧತಿಯೇ ಇರಲಿಲ್ಲ. ಬೇಡಿಕೆ ಇದ್ದಷ್ಟು ದಿನ, ಹಲಗೆ ಸವೆಯುವವರೆಗೂ ಅಚ್ಚು ಹಾಕುತ್ತಿದ್ದರು. ಒಂದೆರಡು ಬಟ್ಟಲು ನೂಡಲ್ಸಿನ ದುಡ್ಡಿಗೆ ಸಿಗುತ್ತಿದ್ದ ಚಿತ್ರಗಳಿವು.

ಮೊದಲ ಅನುಮಾನ ಬಂದಿದ್ದು ಅಲೆಯ ಮೇಲೆ. ಮೂರೂ ಒಂದೇ ಅಳತೆಯ ‘ಸೆಟ್’ ಆಗಬೇಕು ಅಂತ, ಅಡ್ಡಕ್ಕಿರುವ ಆ ಚಿತ್ರವನ್ನು ಉದ್ದಕ್ಕೆ ಕತ್ತರಿಸಿದ್ದಾರೆ. ಮೂಲದಲ್ಲಿ ಮೂರು ದೋಣಿ ಇವೆ, ಅಲ್ವಾ? ಇದರಲ್ಲಿ ಬಲಗಡೆಯದು ಪೂರ್ತಿ ಮಾಯ. ಎಡಗಡೆ ಮೇಲೆ ಇರಬೇಕಾದ ಶೀರ್ಷಿಕೆಯ ಚೌಕ, ಅದರ ಪಕ್ಕದ ಹೊಕುಸಾಯಿಯ ಸಹಿ, ಎರಡೂ ಇಲ್ಲ. ಮಳೆಯ ಚಿತ್ರದಲ್ಲಿ ಅಕ್ಷರಗಳಿವೆ, ಆದರೆ ಅವು ಅಕ್ಷರಗಳೇ ಅಲ್ಲ. ಚಿಕ್ಕ ಫೋಟೋವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸುವಾಗ ಗೆರೆಗಳೆಲ್ಲ ಕಲಸಿಹೋಗಿ ಹುಳ ಹರಿದಾಡಿದ ಹಾಗೆ ಆಗಿವೆ. ಪಕ್ಕದ ಮನೆಯ ಜಪಾನಿ ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, ಪಾಪ ಏನು ಹೇಳೋದು ಅಂತ ತಿಳಿಯದೆ, ಚೌಕಟ್ಟು ಚೆನ್ನಾಗಿದೆ ಅಂದರು.

ಆಮೇಲೆ ಚೌಕಟ್ಟು ಬಿಚ್ಚಿದೆವು. ಇಲ್ಲಿ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದರೆ ನಿಮಗೆ ಉಪಯೋಗಕ್ಕೆ ಬರೋದು ಇದೇ. ನಿಜವಾದ ಮರದಚ್ಚಿನಲ್ಲಿ ಬಣ್ಣ ಕಾಗದದ ಮೇಲೆ ಕೂರೋದಿಲ್ಲ, ನಾರಿನೊಳಗೆ ಇಳಿಯುತ್ತೆ. ಬಾರೆನ್‌ನಿಂದ ಅಷ್ಟು ಒತ್ತಿ ಉಜ್ಜಿರುತ್ತಾರೆ, ಕಾಗದ ತಿರುವಿದರೆ ಹಿಂದೆಯೂ ಚಿತ್ರದ ಛಾಯೆ ಕಾಣುತ್ತೆ, ಉಜ್ಜಿದ ಗುರುತೂ ಅಲ್ಲಲ್ಲಿ ಸಿಗುತ್ತೆ. ನಮ್ಮದರ ಹಿಂಬದಿ ಬೆಳ್ಳಗೆ, ಜೆರಾಕ್ಸ್ ಪೇಪರಿನಷ್ಟು ಶುಭ್ರ. ಮುಂದಿನ ಭಾಗವನ್ನು ಹತ್ತು ಪಟ್ಟು ದೊಡ್ಡದು ಮಾಡುವ ಪುಟ್ಟ ಭೂತಗನ್ನಡಿಯಲ್ಲಿ ನೋಡಿದಾಗ ಎಲ್ಲ ಕಡೆ ಚುಕ್ಕಿ: ನೀಲಿ, ಗುಲಾಬಿ, ಹಳದಿ, ಕಪ್ಪು. ಮರದಚ್ಚಿನಲ್ಲಿ ಚುಕ್ಕಿ ಇರೋದಿಲ್ಲ. ಬಣ್ಣ ಒಂದೇ ಸಮ ಹರಡಿರುತ್ತೆ, ಕೆಲವು ಕಡೆ ಹಲಗೆಯ ನಾರಿನ ಗೆರೆಯೂ ಕಾಣುತ್ತೆ. ಓಹಾಶಿ ಚಿತ್ರದ ಮೇಲಿನ ಆ ಕಪ್ಪು ಮೋಡ ಕೆಳಗೆ ಬರುತ್ತಾ ತಿಳಿಯಾಗುತ್ತಲ್ಲ, ಅದನ್ನು ಪ್ರತಿ ಹಾಳೆಗೂ ಹಲಗೆಯ ಮೇಲೆಯೇ ನೀರು, ಬಣ್ಣ ಹದ ಮಾಡಿ ತರುತ್ತಾರೆ. ಬೊಕಾಶಿ ಅಂತ ಅದರ ಹೆಸರು. ನಮ್ಮ ಚಿತ್ರದಲ್ಲಿ ಅಲ್ಲಿರೋದು ಬರೀ ಕಪ್ಪು ಚುಕ್ಕಿ, ಮೇಲೆ ಒತ್ತೊತ್ತಾಗಿ, ಕೆಳಗೆ ದೂರ ದೂರ.

ಅಳತೆಯೂ ಸುಳಿವು ಕೊಡುತ್ತೆ. ಈ ಸರಣಿಗಳ ಹಾಳೆಯ ಅಳತೆ ಸುಮಾರು 39 ಸೆಂ.ಮೀ.ಗೆ 26 ಸೆಂ.ಮೀ. ಹಲಗೆಯೂ ಅಷ್ಟಕ್ಕೇ ಕೆತ್ತಿರುತ್ತೆ. ಅಸಲಿ ಅಳತೆಯ ಮರದಚ್ಚು ಅನ್ನುತ್ತಾ ಬಾಗಿಲಗಲದ ಅಲೆ ಮಾರಲು ಬಂದರೆ ಅಲ್ಲಿಂದಲೇ ಎದ್ದು ಬನ್ನಿ.

ಇನ್ನೊಂದು ಹೊಟ್ಟೆ ಉರಿಸುವ ವಿಷಯ. ಮೂರನ್ನೂ ರಟ್ಟಿಗೆ ಪೂರ್ತಿ ಅಂಟು ಬಳಿದು ಕೂರಿಸಿದ್ದರು. ಮರದಚ್ಚಿನ ಚಿತ್ರವನ್ನು ಹಾಗೆ ಯಾರೂ ಕೂರಿಸೋದಿಲ್ಲ, ಮೇಲಂಚಿಗೆ ತೆಳು ಕಾಗದದ ಎರಡು ಪಟ್ಟಿ ಹಚ್ಚಿ ನೇತುಬಿಡುತ್ತಾರೆ. ಜೂನಿನ ಮಳೆಗಾಲ ಬಂದಿದ್ದೇ ತಡ, ರಟ್ಟು ಉಬ್ಬಿ, ಗಾಜಿನ ಒಳಗಡೆ ಬೂಸ್ಟು. ಕಿಟಕಿ ಪಕ್ಕ ಇದ್ದ ಹದ್ದಿನ ಚಿತ್ರದ ಬಣ್ಣ ಬೇಸಿಗೆ ಮುಗಿಯೋದರೊಳಗೆ ಬಿಳಚಿಕೊಂಡಿತು. ಅಸಲಿ ಚಿತ್ರಗಳಿಗೂ ಬಿಸಿಲು ಆಗೋದಿಲ್ಲ, ಮ್ಯೂಸಿಯಮ್ಮುಗಳಲ್ಲಿ ಸಾಮಾನ್ಯವಾಗಿ 50 ಲಕ್ಸ್‌ನಷ್ಟು ಮಂದ ಬೆಳಕಿನಲ್ಲೇ ಇಡುತ್ತಾರೆ. ಆದರೆ ಇದು ಒಂದು ಬೇಸಿಗೆಯನ್ನೂ ತಡೆಯಲಿಲ್ಲ!

ವಾಪಸ್ ಕೇಳಿದರೆ, ‘ನಿಮಗಾಗಿ ಚೌಕಟ್ಟು ಹಾಕಿಸಿದ್ದು, ತಗೊಳ್ಳೋದಿಲ್ಲ’ ಅಂದರು. ಪುಟದ ಕೊನೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಡಿಜಿಟಲ್ ಮುದ್ರಣ’ ಅಂತಲೂ, ‘ವಾಪಸಾತಿ ಇಲ್ಲ’ ಅಂತಲೂ ಬರೆದಿಟ್ಟಿದ್ದರು. ಜಪಾನಿನಲ್ಲಿ ಇರುವವರು ಗಮನಿಸಿ: ಆನ್‌ಲೈನ್ ಅಂಗಡಿಯವರು ವಾಪಸಾತಿಯ ಷರತ್ತು ಸ್ಪಷ್ಟವಾಗಿ ಹೇಳಿರದಿದ್ದರೆ ಮಾತ್ರ, ಸಾಮಾನು ಕೈಗೆ ಬಂದ 8 ದಿನದೊಳಗೆ ನಮ್ಮ ಖರ್ಚಿನಲ್ಲಿ ಹಿಂದಕ್ಕೆ ಕಳಿಸಬಹುದು. ಷರತ್ತು ಹಾಕಿದ್ದರೆ ಅದೇ ನಡೆಯುತ್ತೆ. ಸುಳ್ಳು ಹೇಳಿ ಮಾರಿದ್ದಾರೆ ಅನ್ನುವ ದೂರು ಬೇರೆ ವಿಷಯ, ಅದಕ್ಕೆ ಗ್ರಾಹಕರ ಸಹಾಯವಾಣಿ 188ಕ್ಕೆ ಫೋನ್ ಮಾಡಿ. ನಾವು ಮಾಡಿದ ಮೇಲೆ ಅರ್ಧ ದುಡ್ಡು ವಾಪಸ್ ಬಂತು.

ಇದು ಟೋಕಿಯೋ ಕಥೆ ಮಾತ್ರ ಅಂದುಕೊಳ್ಳಬೇಡಿ. ಮೈಸೂರಿನಲ್ಲಿ ಅಕ್ಕ ಹೊಸ ಮನೆಗೆ ಒಂದು ಅಲೆ ಹಾಕಿಸಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದಳು. ಅಲೆ ಎಡದಿಂದ ಏಳುವ ಬದಲು ಬಲದಿಂದ ಎದ್ದಿದೆ! ಸೋಫಾಗೆ ಹೊಂದಲಿ ಅಂತ ಇಂಟೀರಿಯರಿನವರು ಚಿತ್ರವನ್ನೇ ತಿರುಗಿಸಿಬಿಟ್ಟಿದ್ದಾರೆ, ಅಕ್ಷರ ಅಳಿಸಿಹಾಕಿದ್ದಾರೆ. ‘ನಮಗೇನು ಗೊತ್ತಾಗತ್ತೆ ಬಿಡು, ನೋಡೋಕೆ ಚೆನ್ನಾಗಿದ್ಯಲ್ಲ’ ಅಂದಳು. ಅವಳು ಕೊಟ್ಟಿದ್ದು ಹನ್ನೆರಡು ಸಾವಿರ ರೂಪಾಯಿ.

ಸುಮ್ನೆ ಪೋಸ್ಟರ್ ಸಾಕು ಅನ್ನುವವರು ಯಾರಿಗೂ ಅಷ್ಟು ಕೊಡಬೇಕಾಗಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ, ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ 2018ರಿಂದ ಇಂಥ ಚಿತ್ರಗಳ ದೊಡ್ಡ ಫೈಲುಗಳನ್ನು ಪುಕ್ಕಟೆ ಬಿಟ್ಟಿವೆ. ಅಲೆ ಎರಡರಲ್ಲೂ ಇದೆ. ಇಳಿಸಿಕೊಂಡು, ಕತ್ತರಿಸಬೇಡಿ ಅಂತ ಖಡಾಖಂಡಿತವಾಗಿ ಹೇಳಿ, ಹತ್ತಿರದ ಅಂಗಡಿಯಲ್ಲಿ ಒಳ್ಳೆ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಕೈಯಚ್ಚೇ ಬೇಕು ಅನ್ನುವವರು ಟೋಕಿಯೋಗೆ ಬಂದಾಗ ಜಿಂಬೋಚೋ ಕಡೆಯ ಅಂಗಡಿಗಳಿಗೆ ಹೋಗಿ, ಹಾಳೆ ತಿರುವಿ ತೋರಿಸಿ ಅಂತ ಕೇಳಿ. ಆನ್‌ಲೈನಿನಲ್ಲಾದರೆ ನಾಲ್ಕು ಅಂಚೂ ಕಾಣುವ ಒಂದು ಫೋಟೋ, ಹಿಂಬದಿಯದೊಂದು ಫೋಟೋ ಕಳಿಸೋಕೆ ಹೇಳಿ. ಚೌಕಟ್ಟು ಹಾಕಿಬಿಟ್ಟಿದ್ದೀವಿ, ಬಿಚ್ಚೋಕಾಗಲ್ಲ ಅಂದರೆ ಮಾತು ಅಲ್ಲಿಗೇ ಮುಗಿಸಿ.

ನಮಗೆ ಮಾರಿದವರು ಈಗ ಬೇರೆ ಹೆಸರಿನಲ್ಲಿ ಬಂದಿದ್ದಾರೆ. ಅದೇ ಮುದುಕರ ಫೋಟೋ, ಅದೇ ‘300’. ಈ ಸಲ ಕಳೆದ ಶತಮಾನದ ಕಲಾವಿದ ಹಸುಯಿಯ ಹಿಮದ ಚಿತ್ರಗಳೂ ಸೇರಿವೆ, ಬೆಲೆಯೂ ಜಾಸ್ತಿ.