ಆಟೋಕ್ರಾಸ್ ಕಾರಿಗೆ ರೋಲ್ ಕೇಜ್: ಗೋಣಿಕೊಪ್ಪದ ಗ್ಯಾರೇಜಿನ ಕೆಲಸ ಹೇಗಿದೆ?

ಹಳೇ ಮಾರುತಿ ಎಸ್ಟೀಮನ್ನು ಆಟೋಕ್ರಾಸಿಗೆ, ಅಂದರೆ ಗದ್ದೆ ಟ್ರ್ಯಾಕಿನ ರೇಸಿಗೆ, ಇಳಿಸುವವರು ರೋಲ್ ಕೇಜನ್ನು (ಕಾರು ಮಗುಚಿದರೆ ಒಳಗಿದ್ದವರನ್ನು ಕಾಯುವ ಪೈಪಿನ ಚೌಕಟ್ಟು) ಇಲ್ಲಿ ಧೈರ್ಯವಾಗಿ ಮಾಡಿಸಬಹುದು. ಸೀಟಿನ ಹಿಂದೆ ನಿಲ್ಲುವ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ, ಬೆಸುಗೆ ಗೆರೆಯಿಲ್ಲದ ಸೀಮ್‌ಲೆಸ್ ಪೈಪ್; ಎಫ್‌ಐಎ (ಅಂತಾರಾಷ್ಟ್ರೀಯ ಮೋಟಾರ್ ರೇಸ್ ಸಂಸ್ಥೆ) ಅಳತೆಯೂ ಅದೇ. ಪೈಪನ್ನು ಕಾಯಿಸದೆ ಬಗ್ಗಿಸುತ್ತಾರೆ, ಬಾಗಿದಲ್ಲಿ ಸುಕ್ಕಿಲ್ಲ. ದುಡ್ಡು ಉಳಿಸಲು ನೀರಿಗೆ ಬಳಸುವ ಜಿಐ ಪೈಪ್ ಕೇಳಿದರೆ ಖಡಾಖಂಡಿತ ಇಲ್ಲ ಅನ್ನುತ್ತಾರೆ. ಭೇಷ್!

ವೆಲ್ಡಿಂಗಿಗೆ ಮೊದಲು ಮ್ಯಾಟ್ ಎತ್ತಿ, ಫ್ಲೋರನ್ನು ಸುತ್ತಿಗೆಯಿಂದ ತಟ್ಟಿ ನೋಡುವುದು ಇವರ ದೊಡ್ಡ ಗುಣ. ಕೊಡಗಿನ ಮಳೆಗೆ ಅಲ್ಲೇ ತುಕ್ಕು ಹಿಡಿಯುವುದು. ಟೊಳ್ಳು ತಗಡಿನ ಮೇಲೆ ಕೂರಿಸಿದ ಕೇಜ್, ಕಾರು ಮಗುಚಿದರೆ ಫ್ಲೋರನ್ನೇ ತೂತು ಮಾಡಿ ಇಳಿಯುತ್ತದೆ. ಪ್ರತಿ ಕಾಲಿಗೂ 3 ಮಿ.ಮೀ. ಪ್ಲೇಟ್ ಕೊಡುತ್ತಾರೆ.

ಕೊರತೆ ಒಂದೇ: ಹಾರ್ನೆಸ್ ಪಾಯಿಂಟ್ (ರೇಸ್ ಸೀಟ್ ಬೆಲ್ಟನ್ನು ಹಿಂದೆ ಕಟ್ಟುವ ಜಾಗ) ತೀರಾ ಕೆಳಗಿಡುತ್ತಾರೆ. ಭುಜದ ಬೆಲ್ಟ್ 45 ಡಿಗ್ರಿಗಿಂತ ಕಡಿದಾಗಿ ಇಳಿದರೆ ಗುದ್ದಿದಾಗ ಬೆನ್ನುಮೂಳೆಗೇ ಪೆಟ್ಟು. ಸೀಟು ಕೂರಿಸಿ, ಅಳೆದು, ಆಮೇಲೆ ವೆಲ್ಡ್ ಮಾಡಿಸಿ.