ಕಾರವಾರದ ಚಾಪೆಲ್: ಮೊದಲು ಕೊಳವೆ ನೋಡಿ, ಆಮೇಲೆ ಕಥೆ ಕೇಳಿ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಹೆದ್ದಾರಿ 66ರ ಮಗ್ಗುಲಿಗೇ ದಡ ಹತ್ತಿಸಿ ನಿಲ್ಲಿಸಿರುವ ನೌಕಾಪಡೆಯ ಹಳೆಯ ಕ್ಷಿಪಣಿ ದೋಣಿ ಐಎನ್‌ಎಸ್ ಚಾಪೆಲ್ ನೋಡಲು ಒಂದು ಗಂಟೆ ಧಾರಾಳವಾಗಿ ಕೊಡಬಹುದು. ಆದರೆ ‘1971ರಲ್ಲಿ ಕರಾಚಿಗೆ ಬೆಂಕಿ ಇಟ್ಟದ್ದು ಇದೇ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಾಪೆಲ್ ನೌಕಾಪಡೆ ಸೇರಿದ್ದೇ 1976ರ ನವೆಂಬರ್ 4ರಂದು. 1971ರ ಪಾಕ್ ಯುದ್ಧದಲ್ಲಿ ಕರಾಚಿಗೆ ನುಗ್ಗಿದ್ದು ಅದರ ಅಕ್ಕಂದಿರು: ಡಿಸೆಂಬರ್ 4ರ ರಾತ್ರಿ ನಿಪತ್, ನಿರ್ಘಾತ್, ವೀರ್, 8ರ ರಾತ್ರಿ ವಿನಾಶ್.

ಡೆಕ್ಕಿನ ಮೇಲೇ ಇದಕ್ಕೆ ಸಾಕ್ಷಿ ಇದೆ. ಸೋವಿಯತ್ ‘ಓಸಾ’ ಮಾದರಿಯ ಮೊದಲ ಕಂತಿನ ಎಂಟು ದೋಣಿಗಳಲ್ಲಿ ಕ್ಷಿಪಣಿ ಇಡಲು ಪೆಟ್ಟಿಗೆಯಾಕಾರದ ಗೂಡುಗಳಿದ್ದವು. ಇದು ಎರಡನೆಯ ಕಂತಿನದು, ಹಾಗಾಗಿ ಕ್ಷಿಪಣಿ ಇಡುವ ನಾಲ್ಕೂ ಕೊಳವೆ ದುಂಡಗಿವೆ. ಹೆಸರಿಡುವುದರಲ್ಲೂ ಕಂತು ಬದಲಾಯಿತು. ಮೊದಲಿನವು ‘ವ’ ಅಥವಾ ‘ನ’ದಿಂದ ಶುರು, ಇವುಗಳಲ್ಲಿ ಪ್ರಚಂಡ, ಪ್ರಳಯ, ಪ್ರತಾಪ, ಪ್ರಬಲ ಒಂದು ಸಾಲು, ಚಾಪೆಲ್, ಚಮಕ್, ಚಾತಕ್, ಚರಗ್ ಇನ್ನೊಂದು. ವೀರ್, ನಿಪತ್, ಪ್ರಳಯ, ಪ್ರಬಲ ಎಂಬ ಹೆಸರುಗಳು ಮುಂದೆ ದೊಡ್ಡ ವೀರ್ ವರ್ಗದ ನೌಕೆಗಳಿಗೆ ಬಂದವು. ಚಾಪೆಲ್‌ಗೆ ಆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ.

ಉದ್ದ 38.6 ಮೀಟರ್, ಅಗಲ 7.6, ತೂಕ ಸುಮಾರು 245 ಟನ್. ಇಷ್ಟರಲ್ಲಿ ತಲಾ ಎರಡು ಟನ್ನಿಗೂ ಮಿಕ್ಕಿದ ನಾಲ್ಕು ಸ್ಟಿಕ್ಸ್ ಕ್ಷಿಪಣಿ, ಹಿಂದೊಂದು ಮುಂದೊಂದು ಜೋಡಿನಳಿಗೆಯ 30 ಮಿ.ಮೀ. ತೋಪು, ಹೊಟ್ಟೆಯಲ್ಲಿ ಮೂರು ಡೀಸೆಲ್ ಇಂಜಿನ್. ಸಿಡಿತಲೆಯೊಂದೇ ಹತ್ತಿರಹತ್ತಿರ ಅರ್ಧ ಟನ್. ನಾಲ್ಕೂ ಖಾಲಿಯಾದರೆ ಕಡಲಲ್ಲಿ ಮತ್ತೆ ತುಂಬಿಸುವ ಏರ್ಪಾಡಿಲ್ಲ. ಹೊಡೆದು ಓಡಿಬರುವುದಷ್ಟೇ ಕೆಲಸ. ಕ್ಷಿಪಣಿಯ ದ್ರವ ಇಂಧನದ ಜೊತೆಗಿದ್ದದ್ದು ನೈಟ್ರಿಕ್ ಆಮ್ಲ ಆಧಾರಿತ ಆಕ್ಸಿಡೈಸರ್, ಅಂದರೆ ಇಂಧನ ಉರಿಯಲು ಆಮ್ಲಜನಕ ಒದಗಿಸುವ ದ್ರವ. ಅದು ಟ್ಯಾಂಕಿನ ಲೋಹವನ್ನೇ ತಿನ್ನುತ್ತದೆ, ಆದ್ದರಿಂದ ತುಂಬಿಸಿ ಬಹಳ ಕಾಲ ಇಡುವಂತಿಲ್ಲ. ತುಂಬಿಸುವವರಿಗೆ ರಕ್ಷಣಾ ಉಡುಪು ಬೇಕೇ ಬೇಕು. ಈ ತಲೆನೋವು ತಿಳಿದು ಕೊಳವೆ ನೋಡಿದರೆ ಅದರ ಬೆಲೆ ಬೇರೆ.

ಒಳಗೆ ಸಿಬ್ಬಂದಿಯ ಬೊಂಬೆಗಳನ್ನಿಟ್ಟಿದ್ದಾರೆ. ಮಕ್ಕಳು ಹಿಗ್ಗುತ್ತಾರೆ, ದೊಡ್ಡವರು ಬೊಂಬೆ ಬಿಟ್ಟು ಸುತ್ತಲಿನ ಇಕ್ಕಟ್ಟು ಗಮನಿಸುವುದು ಮೇಲು. ಸುಮಾರು ಮೂವತ್ತು ಜನ ಇಷ್ಟರಲ್ಲೇ ಉಂಡು ಮಲಗಬೇಕಿತ್ತು. ಬಾಗಿಲು ತಗ್ಗು, ಏಣಿ ಕಡಿದು. ಮಂಡಿನೋವಿನವರು ಡೆಕ್ಕಿನಲ್ಲೇ ಉಳಿಯಲಿ. ಜಾರದ ಚಪ್ಪಲಿ ಇರಲಿ.

ನಿರ್ವಹಣೆಯೇ ಇಲ್ಲಿನ ದೊಡ್ಡ ಸವಾಲು. ಒಡಲು ಉಕ್ಕು, ಮೇಲಿನ ಕಟ್ಟಡ ಅಲ್ಯೂಮಿನಿಯಂ ಮಿಶ್ರಲೋಹ. ಎರಡು ಲೋಹ ಸೇರುವಲ್ಲಿ ಉಪ್ಪುಗಾಳಿ ತಾಕಿದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ, ಅದರ ಮೇಲೆ ಬರಿ ಬಣ್ಣ ಬಳಿದರೆ ಸಾಲದು. 2005ರ ಮೇ 5ರಂದು ಸೇವೆ ಮುಗಿಸಿ, 2006ರ ನವೆಂಬರಿನಿಂದ ಇಲ್ಲಿ ನಿಂತಿರುವ ದೋಣಿಗೆ ಪ್ರತಿ ಮಳೆಗಾಲವೂ ಒಂದು ಪರೀಕ್ಷೆ.

ಪಕ್ಕದಲ್ಲಿ ಈಗ 2017ರಲ್ಲಿ ನಿವೃತ್ತವಾದ ನೌಕಾಪಡೆಯ ಟುಪೊಲೆವ್ 142 ಗಸ್ತು ವಿಮಾನವೂ ಇದೆ. ದೋಣಿಯನ್ನೇ ಮೊದಲು ಮುಗಿಸಿ: ಬಿಸಿಲೇರಿದ ಮೇಲೆ ಲೋಹದ ಡೆಕ್ಕಿನ ಮೇಲೆ ನಿಲ್ಲುವುದು ಕಷ್ಟ.